ಗಿಡ ಬಾಯಿ ಮುಚ್ಚಿಕೊಂಡ ಕಥೆ

ಭೂಮಿಗೆ ಆಗಿನ್ನೂ ಹೊಸ ಮಡಕೆಯ ವಾಸನೆ ಹೋಗಿರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು. ಬೆಟ್ಟಗಳು ತಾವು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ಸರಿದಾಡುತ್ತಿದ್ದವು. ಮರ ಇರಲಿಲ್ಲ, ಹುಲ್ಲು ಇರಲಿಲ್ಲ, ಮರದ ಮೇಲೆ ಕೂರಬೇಕಾದ ಕಾಗೆಯೂ ಇರಲಿಲ್ಲ. ಇದ್ದದ್ದು ಒಂದು ಹೊಂಡ. ಬೆಚ್ಚನೆ ನೀರಿನ ದೊಡ್ಡ ಹೊಂಡ.

ಆ ಹೊಂಡದಲ್ಲಿದ್ದವರೆಲ್ಲ ಒಂದೇ ಕೋಣೆಯವರು. ಅಂದರೆ ಒಬ್ಬೊಬ್ಬರೂ ಒಂದೊಂದು ಕೋಣೆ. ಅದೇ ಮನೆ, ಅದೇ ಮನೆಯವರು. ಅಡುಗೆಮನೆ, ಪಡಸಾಲೆ, ಬಚ್ಚಲು ಎಲ್ಲ ಅದರೊಳಗೇ. ಎಷ್ಟು ಸಣ್ಣ ಕೋಣೆಯೆಂದರೆ ಒಂದು ಸಾಸಿವೆ ಕಾಳಿನಲ್ಲಿ ಒಂದು ಊರೇ ಹಿಡಿಸುತ್ತಿತ್ತು. ಈಗ ನಾವು ಅದನ್ನು ಜೀವಕೋಶ ಎನ್ನುತ್ತೇವೆ. ಆಗ ಹಾಗೆ ಕರೆಯುವವರು ಇರಲಿಲ್ಲವಾದ್ದರಿಂದ ಅವರು ತಮ್ಮನ್ನು ತಾವು ‘ನಾನು’ ಎಂದಷ್ಟೇ ಕರೆದುಕೊಳ್ಳುತ್ತಿದ್ದರು.

ಹೊಂಡದಲ್ಲಿ ಎರಡು ಪಂಗಡ. ಅಡುಗೆ ಮಾಡುವವರು ಒಂದು ಕಡೆ, ಉಣ್ಣುವವರು ಇನ್ನೊಂದು ಕಡೆ. ಲೋಕ ಅಷ್ಟು ಹೊಸದಾಗಿದ್ದರೂ ಈ ಏರ್ಪಾಡು ಮಾತ್ರ ಆಗಲೇ ಹಳೆಯದಾಗಿತ್ತು.

ಅಡುಗೆಯವರು ಹಸಿರು ಮೈಯವರು, ತೀರ ಸಣ್ಣವರು. ಅವರ ಬಾಯಿ ಮಾತಿಗೆ ಸಾಕು, ತುತ್ತಿಗೆ ಸಾಲದು. ನೀರಿನ ಮೇಲ್ಗಡೆ ಬಿಸಿಲು ಬೀಳುವಲ್ಲಿ ಕುಳಿತು ಅಡುಗೆ ಮಾಡುವರು. ಒಂದಿಷ್ಟು ನೀರು, ಒಂದಿಷ್ಟು ಬಿಸಿಲು, ಬೇರೆಯವರು ಉಸಿರಾಡಿ ಬಿಟ್ಟ ಹೊಗೆಗಾಳಿ. ಇಷ್ಟನ್ನು ಬೆರೆಸಿದರೆ ಬೆಲ್ಲ. ಮಾಡುವಾಗ ಒಳ್ಳೆಯ ಗಾಳಿ ಗುಳ್ಳೆಗುಳ್ಳೆಯಾಗಿ ಎದ್ದು ಬರುತ್ತಿತ್ತು, ಅದನ್ನು ಯಾರಿಗೆ ಬೇಕಾದರೂ ಆಗಲಿ ಎಂದು ಬಿಟ್ಟುಬಿಡುವರು. ಈ ಅಡುಗೆಗೆ ಪಾಠದ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಎಂಬ ಹೆಸರಿದೆ. ಆ ಹೆಸರು ಅವರ ಕಿವಿಗೆ ಬಿದ್ದಿದ್ದರೆ, ಇಷ್ಟು ಕಷ್ಟದ ಕೆಲಸ ನಮ್ಮ ಕೈಲಾಗದು ಎಂದು ಆಗಲೇ ಎದ್ದುಹೋಗುತ್ತಿದ್ದರೋ ಏನೋ.

ಅವರಲ್ಲಿ ಒಂದು ಪದ್ಧತಿಯಿತ್ತು. ಯಾರೇ ಎದುರಾಗಲಿ, ಮೊದಲು ಬೆಲ್ಲ-ನೀರು ಕೊಡಬೇಕು. ಹೆಸರು ಕೇಳುವುದು ಆಮೇಲೆ.

ಉಣ್ಣುವವರ ಪದ್ಧತಿ ಇನ್ನೂ ಸುಲಭ. ಎದುರಾದವರನ್ನು ನುಂಗಬೇಕು. ಹೆಸರು ಕೇಳುವ ಗೋಜೇ ಇಲ್ಲ. ಅಡುಗೆಯವರನ್ನು ಸಣ್ಣಬಾಯಿಯವರು ನುಂಗುವರು, ಸಣ್ಣಬಾಯಿಯವರನ್ನು ದೊಡ್ಡಬಾಯಿಯವರು ನುಂಗುವರು, ದೊಡ್ಡಬಾಯಿಯವರು ಸತ್ತರೆ ಹೊಂಡದ ತಳದಲ್ಲಿರುವವರು ಅವರನ್ನು ಕರಗಿಸಿ ನೀರಿಗೆ ಸೇರಿಸುವರು. ಎಲ್ಲರೂ ಉಂಡರು, ಎಲ್ಲರೂ ತೇಗಿದರು. ಮೊದಲು ಬೇಯಿಸಿದವರು ಯಾರು ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಈ ಉಣ್ಣುವವರಲ್ಲಿ ಒಬ್ಬಳು ಗುಳುಕವ್ವ.

ಗುಳುಕವ್ವನಿಗೆ ಹೆಮ್ಮೆಯೆಂದರೆ ಅವಳ ಬಾಯಿ. ಮೈಯ ಯಾವ ಮೂಲೆಯಲ್ಲಿ ಬೇಕೋ ಆ ಮೂಲೆಯಲ್ಲಿ ಬಾಯಿ ತೆರೆಯಬಲ್ಲಳು. ನುಂಗಲು ಒಂದು ಕಡೆ ತೆರೆದರೆ ಮಾತಿಗೆ ಇನ್ನೊಂದು ಕಡೆ. ಹೊಂಡದ ಈ ದಡದ ಸುದ್ದಿ ಆ ದಡಕ್ಕೆ ಹೋಗಬೇಕಾದರೆ ಅವಳ ಮೂಲಕವೇ ಹೋಗಬೇಕು. ಎದುರಿಗೆ ಯಾರು ಬಂದರೂ ಅವಳ ಮೊದಲ ಮಾತು ಒಂದೇ: “ಬಾರವ್ವ, ಒಳಗೆ ಬಾ.” ಸುಮ್ಮನೆ ನುಂಗುವುದಕ್ಕಿಂತ ಕರೆದು ನುಂಗುವುದು ಮರ್ಯಾದೆ ಎಂದು ಅವಳ ಎಣಿಕೆ.

ಅವಳ ಹೊಟ್ಟೆಯೊಳಗೆ ಒಬ್ಬಳು ಒಲೆಯಜ್ಜಿ ಇದ್ದಳು. ಯಾವ ಕಾಲದಿಂದ ಇದ್ದಳೋ, ಯಾರ ಕಡೆಯ ನೆಂಟಳೋ, ಗುಳುಕವ್ವನಿಗೂ ಗೊತ್ತಿರಲಿಲ್ಲ. ಗುಳುಕವ್ವನ ಅಜ್ಜಿಯ ಹೊಟ್ಟೆಯಲ್ಲೂ ಇದೇ ಅಜ್ಜಿ ಇದ್ದಳಂತೆ. ಒಳಗೆ ಬಂದದ್ದನ್ನೆಲ್ಲ ಒಲೆಗೆ ಹಾಕಿ ಉರಿಸುವುದು, ಆ ಕಾವನ್ನು ಮನೆಯೆಲ್ಲ ಹಂಚುವುದು, ಹೊಗೆಯನ್ನು ಹೊರಗೆ ತಳ್ಳುವುದು, ಬೈಯುವುದು, ಇವು ಅಜ್ಜಿಯ ಕೆಲಸ. ಒಲೆ ಉರಿದರೆ ಗುಳುಕವ್ವ ಇದ್ದಾಳೆ, ಆರಿದರೆ ಇಲ್ಲ.

ಹೀಗಿರುವಾಗ ಹೊಂಡದಲ್ಲಿ ಊಟ ಕಡಿಮೆಯಾಯಿತು.

ಮೊದಮೊದಲು ಯಾರಿಗೂ ಅರ್ಥವಾಗಲಿಲ್ಲ. ಉಣ್ಣುವವರೆಲ್ಲ ಒಂದು ಬಂಡೆಯ ಬುಡದಲ್ಲಿ ಸೇರಿದರು.

“ನೀರು ಹುಳಿಯಾಗಿದೆ. ಅದಕ್ಕೇ ಹೀಗೆ” ಎಂದ ಒಬ್ಬ.

“ನೀರಲ್ಲ, ಬಿಸಿಲೇ ಕೆಟ್ಟಿದೆ” ಎಂದಳು ಇನ್ನೊಬ್ಬಳು.

“ಅಡುಗೆಯವರು ಎಲ್ಲೋ ಅಡಗಿ ಕೂತಿದ್ದಾರೆ. ಈಗಿನವರಿಗೆ ಕೆಲಸ ಅಂದರೆ ಬೇಸರ” ಎಂದ ಬಾಯಣ್ಣ. ಬಾಯಣ್ಣ ಹೊಂಡದಲ್ಲೇ ಅಗಲವಾದ ಬಾಯಿಯವನು. ಆಡಿದರೆ ನೀರಿನಲ್ಲಿ ಸುಳಿ ಏಳುತ್ತಿತ್ತು. ಹಾಗೆಂದು ಹೇಳುತ್ತ ಹೇಳುತ್ತಲೇ ಅವನು ನೀರು ಹುಳಿಯಾಗಿದೆ ಎಂದವನನ್ನು ನುಂಗಿದ. ಸಭೆ ಅಲ್ಲಿಗೆ ಮುಗಿಯಿತು.

ಗುಳುಕವ್ವನ ಒಲೆ ಸಣ್ಣಗಾಯಿತು.

“ಏನಾದರೂ ತಾರೇ! ಬೂದಿ ಊದಿ ಊದಿ ನನ್ನ ಕೆನ್ನೆ ಬಿದ್ದುಹೋಯ್ತು” ಎಂದು ಅಜ್ಜಿ ಒಳಗಿಂದ ಕೂಗಿದಳು.

“ಎಲ್ಲಿಂದ ತರಲಿ ಅಜ್ಜಿ? ಇಡೀ ಹೊಂಡ ಗುಡಿಸಿದ ಹಾಗಿದೆ.”

“ಮಾತಾಡೋದಕ್ಕೆ ಶಕ್ತಿ ಇದೆ, ಹುಡುಕೋದಕ್ಕೆ ಇಲ್ಲ!”

ಗುಳುಕವ್ವ ತೆವಳಿದಳು. ಈ ದಡ ನೋಡಿದಳು, ಆ ದಡ ನೋಡಿದಳು. ಕೊನೆಗೆ ಒಂದು ಕಲ್ಲಿನ ಸಂದಿಯಲ್ಲಿ, ಒಂದೆಳೆ ಬಿಸಿಲು ಬೀಳುವ ಕಡೆ, ಹಸಿರು ಚುಕ್ಕೆಯೊಂದು ಕಾಣಿಸಿತು. ಅವಳ ಹೆಸರು ಪಚ್ಚಿ. ಒಬ್ಬಳೇ ಕುಳಿತು ಬೆಲ್ಲ ಮಾಡುತ್ತಿದ್ದಳು.

“ಬಾರವ್ವ, ಒಳಗೆ ಬಾ” ಎಂದಳು ಗುಳುಕವ್ವ. ಗುಳುಕ್!

ಇಲ್ಲಿಂದ ಎಲ್ಲ ಗೊಂದಲ.

ಒಳಗೆ ಕತ್ತಲೆ. ಪಚ್ಚಿ ತನ್ನ ಮನೆ ಬಿಟ್ಟು ಇನ್ನೊಬ್ಬರ ಮನೆಯೊಳಗೆ ಹೋದವಳೇ ಅಲ್ಲ. ಇದೇನು, ಯಾರ ಮನೆ, ಯಾಕೆ ಕರೆದರು? ಒಂದೂ ಹೊಳೆಯಲಿಲ್ಲ. ಆದರೆ ಕರೆದದ್ದಂತೂ ಕಿವಿಯಾರೆ ಕೇಳಿದ್ದಳು. ಕರೆದಿದ್ದಾರೆ ಎಂದ ಮೇಲೆ ಬಂದದ್ದಾಯಿತು. ಎದುರಿಗೆ ಆರುತ್ತಿರುವ ಒಲೆ, ಒಲೆಯ ಮುಂದೆ ಒಬ್ಬಳು ಮುದುಕಿ. ಮುದುಕಿಯ ಮುಖ ಬಾಡಿತ್ತು. ಪಚ್ಚಿಗೆ ತನ್ನವರ ಪದ್ಧತಿಯೊಂದೇ ನೆನಪಾಯಿತು. ಬೆಳಗಿನಿಂದ ಮಾಡಿಟ್ಟಿದ್ದ ಬೆಲ್ಲದ ಚೂರನ್ನು ನೀರಿನ ಜೊತೆ ಮುಂದೆ ಹಿಡಿದಳು.

“ತಗೊಳ್ಳಿ ಅಜ್ಜಿ. ದಣಿದಿದ್ದೀರಿ.”

ಒಲೆಯಜ್ಜಿಗೆ ನುಂಗಿದ ತುತ್ತು ಕಿರುಚುವುದು ಗೊತ್ತಿತ್ತು, ಒದ್ದಾಡುವುದು ಗೊತ್ತಿತ್ತು. ತುತ್ತು ಉಪಚಾರ ಮಾಡುವುದು ಇದೇ ಮೊದಲು. ಅವಳು ಬೆಲ್ಲವನ್ನು ಇಸಿದುಕೊಂಡು ಒಲೆಗೆ ಹಾಕಿದಳು. ಒಲೆ ಭಗ್ಗೆಂದಿತು. ಗುಳುಕವ್ವನ ಮೈ ತುದಿಯವರೆಗೂ ಬೆಚ್ಚಗಾಯಿತು.

“ಅಜ್ಜೀ, ಏನದು? ಅರಗಿಬಿಟ್ಟಳಾ ಇಷ್ಟು ಬೇಗ?”

“ಅರಗಿಲ್ಲ ಕಣೇ. ಬೆಲ್ಲ-ನೀರು ಕೊಟ್ಟಳು.”

“ಯಾರಿಗೆ?”

“ನಮಗೆ!”

ಗುಳುಕವ್ವ ನೀರಿನಲ್ಲಿ ಇದ್ದಲ್ಲೇ ನಿಂತಳು. “ಅದು ಹೇಗೆ? ಮನೆಯವರು ಬಂದವರಿಗೆ ಕೊಡಬೇಕು. ಬಂದವಳು ಕೊಟ್ಟರೆ ಮನೆಯವರು ಯಾರು? ನಾನೇನು ನನ್ನ ಮನೆಗೇ ನೆಂಟಳೇ?”

“ನನ್ನ ಕೇಳಬೇಡ. ನಾನು ಒಲೆಯವಳು.”

“ಸರಿ, ನುಂಗಿದ್ದೀನಲ್ಲ. ತುತ್ತು ತಾನೇ?”

“ಬೆಲ್ಲ ಕೊಟ್ಟವಳನ್ನ ಉಣ್ಣೋದುಂಟೇನೇ?”

“ಕೊಟ್ಟಿದ್ದು ನುಂಗಿದ ಮೇಲೆ ಅಜ್ಜಿ! ಮೊದಲೇ ಕೊಟ್ಟಿದ್ದರೆ ಬೇರೆ ಮಾತು. ನುಂಗಿದ ಮೇಲೆ ಕೊಟ್ಟರೆ ಏನು ಮಾಡಬೇಕು ಅಂತ ನಮ್ಮವ್ವ ಹೇಳಿಕೊಟ್ಟೇ ಇಲ್ಲ.”

ಪಚ್ಚಿ ಇದನ್ನೆಲ್ಲ ಕೇಳಿಸಿಕೊಂಡಳು. ಆಗ ಅವಳಿಗೆ ತಾನು ಎಲ್ಲಿದ್ದೇನೆಂಬುದು ನಿಧಾನವಾಗಿ ತಿಳಿಯಿತು. ಅವಳ ಹಸಿರು ಸ್ವಲ್ಪ ಬಿಳಿಚಿತು. “ಅಕ್ಕಾ, ನೀವು ಕರೆದಿರಿ ಅಂತ ಬಂದೆ” ಎಂದಳು, ಅಷ್ಟೇ.

ಗುಳುಕವ್ವ ಉತ್ತರ ಹೇಳಲು ಬಾಯಿ ತೆರೆದಳು. ತೆರೆದದ್ದೇ ತಡ, ಒಳಗೆ ಪಚ್ಚಿ “ಅಯ್ಯೋ, ಉರಿ!” ಎಂದು ಚೀರಿದಳು.

ಉಣ್ಣುವವರ ಮೈ ಇರುವುದೇ ಹಾಗೆ. ಬಾಯಿ ತೆರೆದರೆ ಹೊಟ್ಟೆಯಲ್ಲಿ ಹುಳಿ ಊರುತ್ತದೆ. ತೆರೆದದ್ದು ತುತ್ತಿಗೋ ಮಾತಿಗೋ ಎಂಬುದು ಹೊಟ್ಟೆಗೆ ತಿಳಿಯುವುದಿಲ್ಲ. ಅಜ್ಜಿಯ ಜೊತೆ ಆಡಿದ ಅಷ್ಟೂ ಮಾತಿಗೆ ಹನಿಹನಿಯಾಗಿ ಊರಿದ್ದ ಹುಳಿ ಈಗ ಪಚ್ಚಿಯ ಮೈಗೆ ಹರಿದು ಅವಳ ಅಂಚು ಕರಗತೊಡಗಿತು.

ಅಷ್ಟರಲ್ಲಿ ಸುಳಿಯೆದ್ದಿತು. ಬಾಯಣ್ಣ ಬಂದಿದ್ದ.

“ಏನೋ ಸಿಕ್ಕಿತಂತೆ ಗುಳುಕವ್ವ?”

“ಯಾರು ಹೇಳಿದ್ದು?”

“ಯಾರು ಹೇಳಬೇಕು? ನಿನ್ನ ಮೈ ಹೊಳೀತಿದೆ. ಹಸಿರಾದ್ದು ನುಂಗಿದ್ದೀಯ. ನಾನು ಹೊಂಡವೆಲ್ಲ ತಿರುಗಿದೆ ತಂಗೀ. ಇನ್ನೊಂದಿಲ್ಲ. ಅದೇ ಕೊನೇದು.”

“ಕೊನೇದು ಅಂದರೆ?”

“ಕೊನೇದು ಅಂದರೆ ಕೊನೇದು. ಇನ್ನು ಅಡುಗೆಯವರೇ ಇಲ್ಲ.”

“ಹಾಗಾದರೆ ನಾಳೆ ಊಟ?”

ಬಾಯಣ್ಣ ಬಾಯಿ ತೆರೆದ. ಮುಚ್ಚಿದ. ಅಷ್ಟು ದೊಡ್ಡ ಬಾಯಿಯಲ್ಲಿ ಒಂದು ಮಾತೂ ಇರಲಿಲ್ಲ. ಆಮೇಲೆ ಹೇಳಿದ: “ನಾಳೆಯದು ನಾಳೆಗೆ. ಈಗ ಉಗಿ, ಅರ್ಧ ನನಗೆ. ಇಲ್ಲ ಅಂದರೆ ನೀನೂ ಅವಳೂ ಸೇರಿ ಒಂದೇ ತುತ್ತು. ಯೋಚನೆ ಮಾಡು, ಒಂದು ಸುತ್ತು ಹಾಕಿಕೊಂಡು ಬರ್ತೀನಿ.”

ಗುಳುಕವ್ವ ಯೋಚಿಸಿದಳು. ಯೋಚಿಸುವುದು ಅವಳಿಗೆ ಹೊಸದು, ಆದ್ದರಿಂದ ನೋಯುತ್ತಿತ್ತು.

ಪಚ್ಚಿ ಅರಗಿದರೆ ತನಗೆ ಒಂದು ಹೊತ್ತಿನ ಊಟ. ಆಮೇಲೆ ಹೊಂಡದಲ್ಲಿ ಯಾರಿಗೂ ಯಾವತ್ತೂ ಊಟವಿಲ್ಲ. ತನ್ನ ಒಲೆಯೂ ಆರುತ್ತದೆ. ಉಗಿದರೆ ಬಾಯಣ್ಣ ತಿನ್ನುತ್ತಾನೆ, ಆಗಲೂ ಅದೇ. ಒಳಗೇ ಇಟ್ಟುಕೊಂಡರೆ? ಇಟ್ಟುಕೊಳ್ಳಬಹುದು. ಆದರೆ ತಾನು ಬಾಯಿ ತೆರೆದಾಗಲೆಲ್ಲ ಪಚ್ಚಿ ಸುಡುತ್ತಾಳೆ. ಒಂದು ತುತ್ತಿಗೆ ತೆರೆಯುವಂತಿಲ್ಲ. ಒಂದು ಮಾತಿಗೂ ತೆರೆಯುವಂತಿಲ್ಲ.

ಮಾತಿಗೂ!

ಉಪವಾಸವೇನೋ ಇದ್ದೇನು. ಆದರೆ ಈ ದಡದ ಸುದ್ದಿ ಆ ದಡಕ್ಕೆ ಹೇಳುವವರು ಯಾರು? ಬಾಯಣ್ಣನ ಜಂಬವನ್ನು ಅವನ ಬೆನ್ನ ಹಿಂದೆ ಆಡಿ ನಗುವವರು ಯಾರು? ಬಾಯಿಯಿಲ್ಲದ ಗುಳುಕವ್ವ ಎಂದರೆ ಯಾರಪ್ಪಾ ಅವಳು?

ಒಳಗೆ ಪಚ್ಚಿಯ ನರಳಿಕೆ ಸಣ್ಣಗಾಗುತ್ತಿತ್ತು.

ಹೋಗಲಿ, ಮುಚ್ಚುವ ಮೊದಲು ಒಂದು ಮಾತಾದರೂ ಆಡಿಬಿಡೋಣ ಎಂದುಕೊಂಡಳು. ಒಂದೇ ಒಂದು. ಒಂದಕ್ಕೆ ಎಷ್ಟು ಹುಳಿ ಊರುತ್ತದೆಯೋ ಅಷ್ಟನ್ನು ಪಚ್ಚಿ ತಡೆದುಕೊಳ್ಳಲಿ. ಏನು ಹೇಳಲಿ? ತಪ್ಪಾಯ್ತು ಎನ್ನಲೇ? ನುಂಗುವುದು ತನ್ನ ಪದ್ಧತಿ, ತಪ್ಪೆಲ್ಲಿ ಬಂತು? ಹೆದರಬೇಡ ಎನ್ನಲೇ? ತನಗೇ ಹೆದರಿಕೆ. ನೀನು ತುತ್ತೋ ನೆಂಟಳೋ ಎಂದು ಕೇಳಲೇ? ಅದು ಅವಳಿಗೂ ಗೊತ್ತಿಲ್ಲ ಪಾಪ. ಹುಡುಕಿ ಹುಡುಕಿ ತಲೆಕೆಟ್ಟು, ಇನ್ನು ತಡೆಯಲಾರದೆ ಬಾಯಿ ತೆರೆದಳು. ಬಂದ ಮಾತು ಇದು:

“ಊಟ ಆಯ್ತಾ?”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಒಲೆಯಜ್ಜಿ ಊದುಗೊಳವೆ ಕೆಳಗಿಟ್ಟಳು. ಊಟ ಆಯ್ತಾ ಎಂದು ನೆಂಟರನ್ನು ಕೇಳುತ್ತಾರೆ. ತುತ್ತನ್ನು ಯಾರೂ ಕೇಳುವುದಿಲ್ಲ. ಕೇಳಿದ್ದಾಯಿತು, ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಪಚ್ಚಿ ಉರಿಯ ನಡುವೆಯೇ ಉತ್ತರ ಕೊಟ್ಟಳು. “ಇಲ್ಲ ಅಕ್ಕಾ. ಇಲ್ಲಿ ಕತ್ತಲೆ. ಬಿಸಿಲು ಬಿದ್ದರೆ ಆಗುತ್ತೆ.”

ಗುಳುಕವ್ವ ಬಾಯಿ ಮುಚ್ಚಿದಳು. ಈ ಮೂಲೆಯದು, ಆ ಮೂಲೆಯದು, ಮೇಲಿನದು, ಕೆಳಗಿನದು, ಎಲ್ಲ ಮುಚ್ಚಿದಳು. ಮುಚ್ಚಿ ಮೇಲಕ್ಕೆ ಹೊರಟಳು.

ಹೊಟ್ಟೆಯ ಹುಳಿ ಇಂಗಿತು. ಗುಳುಕವ್ವನ ಮೈ ತೆಳ್ಳಗಿತ್ತು. ನೀರಿನ ಮೇಲ್ಗಡೆ ಬಂದಾಗ ಬಿಸಿಲು ಅವಳನ್ನು ಹಾದು ಒಳಗೆ ಬಂತು. ಪಚ್ಚಿ ಮೈಮುರಿದು ಎದ್ದಳು. ಸುತ್ತ ನೋಡಿದಳು. ನೀರಿದೆ, ಬಿಸಿಲಿದೆ. ಅಜ್ಜಿಯ ಒಲೆಯ ಹೊಗೆ ಮೂಲೆಯಲ್ಲಿ ಸುತ್ತುತ್ತಿತ್ತು.

“ಅಜ್ಜಿ, ಈ ಹೊಗೆಯನ್ನ ಏನು ಮಾಡ್ತೀರಿ?”

“ಹೊರಗೆ ನೂಕ್ತೀನಿ. ಮತ್ತೇನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?”

“ಅಯ್ಯೋ, ಇದಕ್ಕಾಗಿ ನಾನು ಹೊಂಡವೆಲ್ಲ ಅಲೀತಿದ್ದೆ! ಇತ್ತ ಕೊಡಿ.”

ಅಜ್ಜಿ ಹೊಗೆ ಕೊಟ್ಟಳು, ಪಚ್ಚಿ ಬೆಲ್ಲ ಕೊಟ್ಟಳು. ಬೆಲ್ಲ ಉರಿದು ಮತ್ತೆ ಹೊಗೆಯಾಯಿತು, ಹೊಗೆ ಬೆಂದು ಮತ್ತೆ ಬೆಲ್ಲವಾಯಿತು. ಸ್ವಲ್ಪ ಹೊತ್ತಿನಲ್ಲಿ ಯಾರು ಯಾರಿಗೆ ಕೊಡುತ್ತಿದ್ದಾರೆಂದು ಇಬ್ಬರಿಗೂ ತಿಳಿಯದಾಯಿತು.

ಸೂರ್ಯಪ್ಪ ಮೇಲಿಂದ ಬಗ್ಗಿ ನೋಡಿದ. “ಗುಳುಕವ್ವ ಅಲ್ಲವೇನೇ ನೀನು? ಹಸಿರು ಯಾಕಾಗಿದ್ದೀಯ? ನನ್ನ ಅಡುಗೆಯವಳು ಎಲ್ಲಿ? ಅವಳಿಗೆ ಅಂತ ಕಳಿಸಿದ ಬಿಸಿಲು ನಿನ್ನ ಹೊಟ್ಟೆಗೆ ಯಾಕೆ ಹೋಗ್ತಿದೆ?”

ಗುಳುಕವ್ವ ಸುಮ್ಮನಿದ್ದಳು. ಹೇಳಲು ಎಷ್ಟೊಂದು ಇತ್ತು! ಸೂರ್ಯಪ್ಪ ತಲೆ ಕೆರೆದುಕೊಂಡು ಮೋಡದ ಹಿಂದೆ ಹೋದ, ಮತ್ತೆ ಬಂದು ನೋಡಿದ, ಮತ್ತೆ ಹೋದ. ಇವತ್ತಿಗೂ ಅವನಿಗೆ ಅದು ಬಗೆಹರಿದ ಹಾಗಿಲ್ಲ.

ಆಗ ಬಾಯಣ್ಣ ಸುತ್ತು ಮುಗಿಸಿಕೊಂಡು ಬಂದ.

“ಏನು ಯೋಚಿಸಿದೆ?”

ಮಾತಿಲ್ಲ.

“ಗುಳುಕವ್ವ! ನಿನ್ನನ್ನೇ ಕೇಳ್ತಿರೋದು.”

ಮಾತಿಲ್ಲ. ಬಾಯಣ್ಣನಿಗೆ ದಿಗಿಲಾಯಿತು. ಗುಳುಕವ್ವ ಸುಮ್ಮನಿದ್ದದ್ದನ್ನು ಹೊಂಡದಲ್ಲಿ ಯಾರೂ ಕಂಡಿರಲಿಲ್ಲ. “ಕೋಪಾನಾ? ನಿನ್ನ ತಮ್ಮನ್ನ ನುಂಗಿದ್ದಕ್ಕಾ? ಅವತ್ತೇ ಹೇಳಿದೆನಲ್ಲವ್ವ, ಗುರುತು ಸಿಗಲಿಲ್ಲ ಅಂತ. ಇಲ್ಲಾ, ಅರ್ಧ ಕೇಳಿದ್ದಕ್ಕಾ? ಸರಿ, ಕಾಲು ಕೊಡು. ಏನಾದರೂ ಅನ್ನು ಮಾರಾಯ್ತಿ!”

ಒಳಗೆ ಬೆಲ್ಲ ಹೆಚ್ಚಾಗುತ್ತಿತ್ತು. ಒಲೆಗೆ ಹಾಕಿದ್ದು ಹಾಕಿ, ಮೂಲೆಗೆ ಒಟ್ಟಿದ್ದು ಒಟ್ಟಿ, ಇನ್ನೂ ಉಳಿಯುತ್ತಿತ್ತು. ಬಾಯಣ್ಣನ ದನಿ ಕೇಳಿದ್ದೇ ಒಲೆಯಜ್ಜಿ ಎದ್ದಳು. “ಬಾರೇ ಹುಡುಗಿ, ಪಾಕ ಎಳೆಯೋಣ.” ಇಬ್ಬರೂ ಬೆಲ್ಲವನ್ನು ಎಳೆ ಎಳೆಯಾಗಿ ಎಳೆದು ಗುಳುಕವ್ವನ ಮೈಸುತ್ತ ಹೊರಗಡೆಗೆ ಹೊಸೆದು ಬಳಿದರು. ಎಳೆಯ ಮೇಲೆ ಎಳೆ, ಅಡ್ಡ ಎಳೆ, ಉದ್ದ ಎಳೆ. ಆರಿದ ಮೇಲೆ ಅದು ಎಂಥ ಗಟ್ಟಿಯಾಯಿತೆಂದರೆ ಸಿಹಿಯೂ ಮರೆತುಹೋಗಿ ಬರೀ ಗೋಡೆಯಾಯಿತು.

ಬಾಯಣ್ಣ ಕೊನೆಗೆ ತಾಳ್ಮೆಗೆಟ್ಟು ಕಚ್ಚಿದ. ಬಾಯಿ ಜಾರಿತು. ಮತ್ತೆ ಕಚ್ಚಿದ. ಮತ್ತೆ ಜಾರಿತು. ಹೊರಗಿನ ಅಂಚಿನ ಒಂದು ಚೂರು ಮಾತ್ರ ಬಾಯಿಗೆ ಬಂತು. ಅದನ್ನೇ ಅಗಿದು ಅಗಿದು ನುಂಗಿದ. ಹೊಟ್ಟೆ ತುಂಬಲಿಲ್ಲ, ಆದರೆ ಸಾಯಲೂ ಇಲ್ಲ.

“ಇದೇನು ಊಟವೋ ಗೋಡೆಯೋ?” ಎಂದು ಗೊಣಗುತ್ತ ಅಲ್ಲೇ ಪಕ್ಕದಲ್ಲಿ ಕುಳಿತ, ಇನ್ನೊಂದು ಚೂರು ಬೆಳೆಯುವುದನ್ನು ಕಾಯುತ್ತ.

ಅಪಾಯ ಕಳೆದ ಮೇಲೆ ಪಚ್ಚಿ ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದಳು: “ಅಕ್ಕಾ, ನಾನು ಹೊರಡಲಾ ಇನ್ನು?”

ಗುಳುಕವ್ವ ಉತ್ತರಿಸುವ ಹಾಗಿರಲಿಲ್ಲ. ಉತ್ತರ ಏನೆಂದು ಅವಳಿಗೆ ತಿಳಿದೂ ಇರಲಿಲ್ಲ. ಇರು ಎಂದರೆ ಬಲವಂತ, ಹೋಗು ಎಂದರೆ ಅವಮಾನ.

ಒಲೆಯಜ್ಜಿ ಬೂದಿ ಕೆದಕುತ್ತ ಹೇಳಿದಳು: “ನಾನೂ ಹಾಗೇ ಕೇಳಿದ್ದೆ ಕಣೇ.”

“ಯಾವಾಗ ಅಜ್ಜಿ?”

“ಇವಳ ಮುತ್ತಜ್ಜಿಯ ಮುತ್ತಜ್ಜಿ ನನ್ನ ನುಂಗಿದಾಗ. ಹೊರಡಲಾ ಅಂದೆ. ಒಲೆ ಒಂದು ಸಲ ಹೊತ್ತಿಸಿ ಹೋಗು ಅಂದಳು. ಹೊತ್ತಿಸಿದೆ. ಆಮೇಲೆ ಹೊರಡೋದು ಮರೆತೇಹೋಯ್ತು.”

ಪಚ್ಚಿ ನಕ್ಕಳು. ನಗುವಾಗ ಅವಳಿಂದ ಒಳ್ಳೆಯ ಗಾಳಿಯ ಗುಳ್ಳೆಯೊಂದು ಎದ್ದು ಗೋಡೆಯ ಸಂದಿಯಿಂದ ಹೊರಗೆ ಹೋಯಿತು. ಹೊರಗೆ ಕುಳಿತಿದ್ದ ಬಾಯಣ್ಣ ಅದನ್ನು ಉಸಿರಾಡಿ, ಯಾಕೋ ಹಾಯೆನಿಸುತ್ತಿದೆಯಲ್ಲ ಎಂದುಕೊಂಡ.

ಹೊತ್ತು ಮುಳುಗಿತು. ಬಿಸಿಲಿಲ್ಲದಾಗ ಪಚ್ಚಿ ಅಡುಗೆ ನಿಲ್ಲಿಸಿ ಮಲಗಿದಳು. ಅಜ್ಜಿ ಕೂಡಿಟ್ಟ ಬೆಲ್ಲದಲ್ಲಿ ಒಲೆ ಕಾಪಾಡಿದಳು. ಬೆಳಗಾದಾಗ ಗುಳುಕವ್ವ ಒಂದು ಕೋಣೆ ಹೋಗಿ ಎರಡಾದಳು. ಪಚ್ಚಿಯೂ ಎರಡಾದಳು, ಅಜ್ಜಿಯೂ ಎರಡಾದಳು. ಒಂದೊಂದು ಕೋಣೆಗೆ ಒಬ್ಬೊಬ್ಬರು. ಎರಡು ನಾಲ್ಕಾಯಿತು, ನಾಲ್ಕು ನೂರಾಯಿತು. ಕೋಣೆಯ ಪಕ್ಕ ಕೋಣೆ, ಕೋಣೆಯ ಮೇಲೆ ಕೋಣೆ. ಒಂದು ಗೋಡೆಗೆ ಇನ್ನೊಂದು ಗೋಡೆ ಆತುಕೊಂಡು ಪಾಚಿಯಾಯಿತು. ಪಾಚಿ ದಡ ಹತ್ತಿ ಹುಲ್ಲಾಯಿತು, ಹುಲ್ಲಿನ ಪಕ್ಕ ಬಳ್ಳಿಯಾಯಿತು, ಬಳ್ಳಿಯ ಪಕ್ಕ ಮರವಾಯಿತು. ಬಾಯಿಯ ಹಂಗಿಲ್ಲದ್ದರಿಂದ ಊಟ ಹುಡುಕಿಕೊಂಡು ಓಡಾಡುವ ಕಷ್ಟವೂ ಇರಲಿಲ್ಲ. ನಿಂತಲ್ಲೇ ನಿಂತರು.

ಬಾಯಿ ಮುಚ್ಚದವರು ಬಾಯಣ್ಣನ ಮಕ್ಕಳು. ಅವರಿಗೆ ಕಾಲು ಬಂತು, ರೆಕ್ಕೆ ಬಂತು, ಹಲ್ಲು ಬಂತು. ಮಿಡತೆ ಹುಲ್ಲು ತಿಂದಿತು, ಕಪ್ಪೆ ಮಿಡತೆ ತಿಂದಿತು, ಹಾವು ಕಪ್ಪೆ ತಿಂದಿತು, ಗರುಡ ಹಾವು ತಿಂದಿತು. ಎಲ್ಲರೂ ನಾವೇ ದೊಡ್ಡವರು ಎಂದರು. ಯಾರ ಹೊಟ್ಟೆಯನ್ನು ಬಗೆದು ನೋಡಿದರೂ ಒಳಗೆ ಕೊನೆಗೆ ಸಿಗುವುದು ಪಚ್ಚಿ ಮಾಡಿದ ಬೆಲ್ಲವೇ. ನೀನೂ ನಾನೂ ಆ ಬಾಯಣ್ಣನ ಕಡೆಯವರೇ ಮಗೂ. ಬೇಕಾದರೆ ಬಾಯಿ ಮುಟ್ಟಿ ನೋಡಿಕೋ.

ಇಷ್ಟೆಲ್ಲ ಆದರೂ ಒಂದು ಮಾತ್ರ ತೀರ್ಮಾನವಾಗಲಿಲ್ಲ. ಆ ಮನೆಯಲ್ಲಿ ಮನೆಯವರು ಯಾರು, ನೆಂಟರು ಯಾರು? ನುಂಗಿದವಳು ಗುಳುಕವ್ವ, ಆದರೆ ಉಣಿಸುವವಳು ಪಚ್ಚಿ. ಉಣಿಸುವವಳು ಪಚ್ಚಿ, ಆದರೆ ಅವಳನ್ನು ಬಿಸಿಲಿಗೆ ಎತ್ತಿ ಹಿಡಿಯುವವಳು ಗುಳುಕವ್ವ. ಕೇಳೋಣವೆಂದರೆ ಗುಳುಕವ್ವ ಬಾಯಿ ಬಿಡುವುದಿಲ್ಲ. ಪಚ್ಚಿಗೆ ಕೆಲಸದಿಂದ ಬಿಡುವಿಲ್ಲ.

ಅದಕ್ಕೇ ನೋಡು, ಗಿಡಕ್ಕೆ ಇವತ್ತಿಗೂ ಬಾಯಿಯಿಲ್ಲ, ಮುರಿದರೂ ತುಳಿದರೂ ಅದು ಒಂದು ಮಾತಾಡುವುದಿಲ್ಲ. ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟ ದೊಡ್ಡಪತ್ರೆ ಗಿಡವನ್ನು ನೀನು ಎಷ್ಟು ಸಲ ಗೋಡೆಯ ಕಡೆಗೆ ತಿರುಗಿಸಿಟ್ಟರೂ ಅದು ಮೆಲ್ಲಗೆ ಬಗ್ಗಿ ಬಗ್ಗಿ ಮತ್ತೆ ಹೊರಗಿನ ಬಿಸಿಲಿಗೇ ಮುಖ ಮಾಡುತ್ತದಲ್ಲ, ಅದು ಗುಳುಕವ್ವ ತನ್ನ ಹೊಟ್ಟೆಯೊಳಗಿನ ಪಚ್ಚಿಯನ್ನು ಊಟಕ್ಕೆ ಕರೆದುಕೊಂಡು ಹೊರಟಿರುವುದು.